ಗಣಕತೆರೆಯ ಆಯ್ಕೆ

ಪ್ರತಿ ಸಂಚಿಕೆಗೂ ಹಳಗನ್ನಡ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಪುಟ ಬರೆದುಕೊಡುವುದು ನನ್ನ ಪಾಲಿಗೆ ಬಂದ ಕೆಲಸವಾಗಿದೆ. ಈ ಸಲವೂ ಸಂಪಾದಕ ಮಂಡಳಿಯವರು ಅದನ್ನೇ ನಿರೀಕ್ಷಿಸಿದ್ದರು. ಆದರೆ ನಮ್ಮ ಶಾಲೆಯ ಗಣಕಯಂತ್ರಗಳ ಕೊಠಡಿಯಲ್ಲಿ ಕೆಲವು ತಿಂಗಳುಗಳಿಂದ ಒಂದು ವಾದ ನಡೆದಿದೆ. ಅದರಲ್ಲಿ ನಾನೂ ಒಬ್ಬ ಪಕ್ಷಗಾರನಾಗಿದ್ದೇನೆ. ನನ್ನ ಪಕ್ಷವೇನೆಂಬುದನ್ನು ಅಲ್ಲಲ್ಲಿ ಬಾಯಿಮಾತಿನಲ್ಲಿ ಹೇಳಿ ತಪ್ಪರ್ಥಕ್ಕೆ ಎಡೆಗೊಡುವುದಕ್ಕಿಂತ ಪೋಷಕರ ಮತ್ತು ಹಳೆಯ ವಿದ್ಯಾರ್ಥಿಗಳ ಮುಂದೆ ಬರೆದೇ ಇಡುವುದು ಮೇಲೆಂದು ತೋರಿತು. ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆ ಎನ್ನುವವರು ಸ್ವಲ್ಪ ತಾಳ್ಮೆಯಿಂದ ಮುಂದಕ್ಕೆ ಓದಬೇಕಾಗಿ ಪ್ರಾರ್ಥನೆ.

೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ ೧೧ಕ್ಕೆ ಟಿಪಿಎಂ ೨.೦ ಎಂಬ ಭದ್ರತಾ ಏರ್ಪಾಡೂ ಹೊಸ ತಲೆಮಾರಿನ ಸಂಸ್ಕಾರಕವೂ ಬೇಕು. ನಮ್ಮ ಕೊಠಡಿಯಲ್ಲಿರುವ ಹದಿನೆಂಟು ಯಂತ್ರಗಳು ವೈಟ್‌ಫೀಲ್ಡ್ ಕಡೆಯ ಕಚೇರಿಯೊಂದರಲ್ಲಿ ದುಡಿದು ಹಳತಾದ ಮೇಲೆ, ಹಳೆಯ ವಿದ್ಯಾರ್ಥಿಯೊಬ್ಬರ ಪ್ರಯತ್ನದಿಂದ ಪೀಣ್ಯದ ಮಗ್ಗುಲಲ್ಲಿರುವ ನಮ್ಮ ಶಾಲೆಗೆ ಬಂದವು. ವಿಂಡೋಸ್ ೧೧ ಕೇಳುವ ಯಾವುದೂ ಅವುಗಳಲ್ಲಿಲ್ಲ. ಸ್ಮೃತಿಯಾದರೋ ಕೆಲವಕ್ಕೆ ಎರಡು, ಕೆಲವಕ್ಕೆ ನಾಲ್ಕು ಗಿಗಾಬೈಟು ಮಾತ್ರ. ಎಲ್ಲವನ್ನೂ ಗುಜರಿಗೆ ಹಾಕಿ ಹೊಸವನ್ನು ಕೊಳ್ಳಬೇಕೆಂಬ ಸೂಚನೆ ಆಡಳಿತ ಮಂಡಳಿಯ ಮುಂದೆ ಬಂದಿತು. ಹದಿನೆಂಟು ಹೊಸ ಯಂತ್ರಗಳ ಬೆಲೆಯೆಂದರೆ ನಮ್ಮ ಗ್ರಂಥಾಲಯಕ್ಕೆ ಎಷ್ಟೋ ವರ್ಷ ಪುಸ್ತಕ ಕೊಳ್ಳುವ ಹಣ. ಆಗ ನಮ್ಮ ಗಣಕ ಶಿಕ್ಷಕರು, ಇರುವ ಯಂತ್ರಗಳಿಗೇ ಲಿನಕ್ಸನ್ನು ಹಾಕಿ ಒಂದು ವರ್ಷ ನೋಡೋಣವೆಂದರು. ಮಂಡಳಿಯವರು ಒಪ್ಪಿದರು. ವಾದ ಹುಟ್ಟಿದ್ದು ಅಲ್ಲಿಂದೀಚೆಗೆ; ಏಕೆಂದರೆ ಲಿನಕ್ಸಿಗೆ ಒಂದೇ ಮುಖವಿಲ್ಲ.

ಯಂತ್ರವನ್ನು ಚಾಲೂ ಮಾಡಿದೊಡನೆ ಕಣ್ಣಿಗೆ ಬೀಳುವ ಪಟ್ಟಿ, ತೆರೆದು ಮುಚ್ಚುವ ಕಿಟಕಿಗಳು, ಕಡತಗಳನ್ನು ಎತ್ತಿ ಇಡುವ ಸಾಧನ, ಮೂಲೆಯ ಗಡಿಯಾರ, ಕಸದಬುಟ್ಟಿ ಇವೆಲ್ಲ ಕೂಡಿ ಒಂದು ಗಣಕತೆರೆಯ ಪರಿಸರವೆನಿಸುತ್ತದೆ. ವಿಂಡೋಸಿನಲ್ಲಿ ಒಳಗಿನ ತಿರುಳೂ ಹೊರಗಿನ ತೆರೆಯೂ ಒಂದೇ ಗಂಟು, ಕೊಟ್ಟದ್ದನ್ನು ಇಟ್ಟುಕೊಳ್ಳಬೇಕು. ಮುಕ್ತ ತಂತ್ರಾಂಶದಲ್ಲಿ ಇವೆರಡೂ ಬೇರೆ ಬೇರೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಯಂತ್ರಕ್ಕೆ ಇಳಿಸುವಾಗ (ಆ ವಿಧಿಯನ್ನು ಕನ್ನಡದಲ್ಲಿಯೇ ನಡೆಸಬಹುದೆಂಬುದು ನನಗೆ ಮೊದಲ ಬೆರಗು) ಗ್ನೋಮ್, ಎಕ್ಸ್‌ಎಫ್‌ಸಿಇ, ಕೆಡಿಇ ಪ್ಲಾಸ್ಮಾ, ಸಿನಮನ್, ಮಾಟೆ, ಎಲ್‌ಎಕ್ಸ್‌ಕ್ಯೂಟಿ ಎಂದು ತೆರೆಗಳ ಪಟ್ಟಿಯೇ ಎದುರಾಗುತ್ತದೆ. ಒಂದೇ ಯಂತ್ರದಲ್ಲಿ ಎರಡು ಮೂರನ್ನು ಇಟ್ಟುಕೊಂಡು, ಗುಪ್ತಪದವನ್ನು ಕೊಡುವ ಹೊತ್ತಿಗೆ ಬೇಕಾದುದನ್ನು ಆರಿಸಿಕೊಳ್ಳಲೂಬಹುದು. ಬರೆದಿಟ್ಟ ಕಡತಗಳು ಎಲ್ಲಿಯೂ ಹೋಗುವುದಿಲ್ಲ. ಅಂಗಳ ಮಾತ್ರ ಬದಲಾಗುತ್ತದೆ. ಇಷ್ಟು ಮನಸ್ಸಿಗೆ ಹತ್ತಲು ನನಗೆ ಒಂದು ವಾರ ಹಿಡಿಯಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಈ ತೆರೆಗಳಲ್ಲಿ ಹೆಸರುವಾಸಿಯಾದವು ಎರಡು. ಕೆಡಿಇಯನ್ನು ೧೯೯೬ರಲ್ಲಿ ಜರ್ಮನಿಯ ಮತಿಯಾಸ್ ಎಟ್ರಿಕ್ ಎಂಬ ವಿದ್ಯಾರ್ಥಿ ಮೊದಲಿಟ್ಟನು. ಅದು ನೆಚ್ಚಿಕೊಂಡಿದ್ದ ಕ್ಯೂಟಿ ಎಂಬ ಸಾಮಗ್ರಿಯ ಪರವಾನಗಿ ಆಗ ಪೂರ್ಣವಾಗಿ ಮುಕ್ತವಾಗಿರಲಿಲ್ಲವೆಂಬ ಅಸಮಾಧಾನದಿಂದ ೧೯೯೭ರಲ್ಲಿ ಮೆಕ್ಸಿಕೋ ದೇಶದ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೋ ಮೆನಾ ಎಂಬವರು ಗ್ನೋಮ್ ಅನ್ನು ಆರಂಭಿಸಿದರು. ೨೦೦೦ದಲ್ಲಿ ಆ ಪರವಾನಗಿ ಸರಿಹೋಗಿ ಜಗಳಕ್ಕೆ ಕಾರಣ ಉಳಿಯಲಿಲ್ಲ; ಆದರೂ ಸಂಪ್ರದಾಯಗಳು ಎರಡಾಗಿಯೇ ಉಳಿದವು. ಶಾಸ್ತ್ರಗಳ ಚರಿತ್ರೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು.

ಇವೆರಡರ ಸ್ವಭಾವವನ್ನು ನನ್ನ ಶಾಸ್ತ್ರದ ಮೂಲಕವೇ ಹೇಳುವೆನು. ಭಟ್ಟಾಕಳಂಕದೇವನು ೧೬೦೪ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ೫೯೨ ಸೂತ್ರಗಳ ವ್ಯಾಕರಣವನ್ನು ರಚಿಸಿ, ಅದಕ್ಕೆ ತಾನೇ ಭಾಷಾಮಂಜರಿ ಎಂಬ ವೃತ್ತಿಯನ್ನೂ, ಆ ವೃತ್ತಿಗೆ ಮಂಜರೀಮಕರಂದವೆಂಬ ವ್ಯಾಖ್ಯಾನವನ್ನೂ ಬರೆದನು. ಕೆಡಿಇ ಈ ಜಾತಿಯದು. ಅದರ ಸಿದ್ಧತೆಗಳ ಪುಟವನ್ನು ತೆರೆದರೆ ಒಳಗೊಂದು ಪುಟ, ಅದರೊಳಗೆ ಇನ್ನೊಂದು. ಕಿಟಕಿಯ ಅಂಚು ಎಷ್ಟು ದಪ್ಪ, ನೆರಳು ಯಾವ ಬಣ್ಣ, ಮೂಲೆಯನ್ನು ಇಲಿ ಮುಟ್ಟಿದರೆ ಏನಾಗಬೇಕು, ಎಲ್ಲಕ್ಕೂ ವಿಕಲ್ಪವುಂಟು. ನಮ್ಮ ಮಕ್ಕಳಿಗೆ ಇದು ಹಬ್ಬ. ಗ್ನೋಮ್ ಇದಕ್ಕೆ ವಿರುದ್ಧ. ಅದು ಕಡಿಮೆ ಮಾತಿನ ಗುರು. "ಅದು ನಿನಗೆ ಬೇಡ, ಕೆಲಸ ನೋಡು" ಎನ್ನುವ ಗುರುವಿನ ಗಾಂಭೀರ್ಯ ಅದಕ್ಕಿದೆ. ಶಿಷ್ಯನಿಗೆ ಅದು ನಿಜವಾಗಿ ಬೇಕಾಗಿದ್ದಾಗ ಮಾತ್ರ ಕಷ್ಟ.

ಈ ಎರಡು ಸಂಪ್ರದಾಯಗಳ ಬಳಗದವರೂ ೨೦೧೧ರಲ್ಲಿ ಒಂದು ತಿಂಗಳ ಅಂತರದಲ್ಲಿ ನಮ್ಮ ಬೆಂಗಳೂರಿಗೇ ಬಂದಿದ್ದರೆಂಬುದು ಹಲವರಿಗೆ ತಿಳಿದಿರಲಾರದು. ಮಾರ್ಚಿಯಲ್ಲಿ ಮೈಸೂರು ರಸ್ತೆಯ ಆರ್. ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಡಿಇಯವರ ಭಾರತೀಯ ಸಮ್ಮೇಳನ ನಡೆಯಿತು. ಏಪ್ರಿಲ್ ಆರಂಭದಲ್ಲಿ ದಯಾನಂದ ಸಾಗರ ವಿದ್ಯಾಸಂಸ್ಥೆಗಳಲ್ಲಿ ಗ್ನೋಮಿನ ಏಷ್ಯಾ ಸಮ್ಮೇಳನ. ಆಗ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಶಿಷ್ಯನೊಬ್ಬ ಎರಡಕ್ಕೂ ಹೋಗಿ ಬಂದು, ಎರಡರ ಚೀಟಿಗಳನ್ನೂ ತನ್ನ ಸ್ಕೂಟರಿಗೆ ಅಂಟಿಸಿಕೊಂಡು ತಿರುಗುತ್ತಿದ್ದ. ಈ ಯಂತ್ರಗಳನ್ನು ನಮಗೆ ಕೊಡಿಸಿದವರು ಈಗ ದೊಡ್ಡವರಾಗಿರುವ ಆತನೇ.

ಗ್ನೋಮಿನ ಆ ಸಮ್ಮೇಳನ ಮುಗಿದ ಕೆಲವೇ ದಿನಗಳಲ್ಲಿ, ೨೦೧೧ರ ಏಪ್ರಿಲ್ ೬ರಂದು, ಗ್ನೋಮ್ ೩ ಬಿಡುಗಡೆಯಾಯಿತು. ಹಳೆಯ ಗ್ನೋಮ್ ೨ರಲ್ಲಿ ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ; ಮೇಲಿನ ಎಡಮೂಲೆಯಲ್ಲಿ ಅನ್ವಯಗಳು, ಸ್ಥಳಗಳು, ವ್ಯವಸ್ಥೆ ಎಂಬ ಮೂರು ಮಾತು. ಹೊಸದರಲ್ಲಿ ಕೆಳಗಿನ ಪಟ್ಟಿ ಹೋಯಿತು, ಆ ಮೂರು ಮಾತು ಹೋದವು, ಕಿಟಕಿಯನ್ನು ಕೆಳಗಿಳಿಸುವ ಗುಂಡಿಯೂ ಮರೆಯಾಯಿತು. ಜಗತ್ತಿನಾದ್ಯಂತ ಬಳಕೆದಾರರು ಮುನಿದರು. ಲಿನಕ್ಸಿನ ತಿರುಳನ್ನು ಬರೆದ ಲಿನಸ್ ಟೋರ್ವಾಲ್ಡ್ಸ್ ಅವರೇ ಬಹಿರಂಗವಾಗಿ ಬೇಸರಗೊಂಡು ಎಕ್ಸ್‌ಎಫ್‌ಸಿಇಗೆ ಹೋಗಿದ್ದರು. ಕೆಲಕಾಲದ ಮೇಲೆ ಹಿಂದಿರುಗಿದರೆಂಬುದು ಬೇರೆ ಮಾತು. ಹಿಂದಿರುಗದವರೂ ಇದ್ದರು. ಅದೇ ವರ್ಷ ಅರ್ಜೆಂಟೀನಾದ ಬಳಕೆದಾರನೊಬ್ಬ, ಹಳೆಯ ಗ್ನೋಮ್ ೨ರ ಆಕರಗಳನ್ನೆಲ್ಲ ಪ್ರತಿ ಮಾಡಿಕೊಂಡು, ಅದನ್ನು ಹಾಗೆಯೇ ಉಳಿಸಿ ನಡೆಸುವೆನೆಂದು ಹೊರಟನು. ಹೀಗೆ ಪ್ರತಿ ಮಾಡಲು ಯಾರ ಅಪ್ಪಣೆಯೂ ಬೇಡವೆಂಬುದೇ ಮುಕ್ತ ತಂತ್ರಾಂಶದ ಮರ್ಮ. ತನ್ನ ನಾಡಿನ ಒಂದು ಕಷಾಯದ ಹೆಸರನ್ನು ಅದಕ್ಕಿಟ್ಟನು: ಮಾಟೆ. ನಮ್ಮಲ್ಲಿ ಮಾಟವೆಂದರೆ ಚೆಲುವು, ರೀತಿ. ಆಡುಮಾತಿನಲ್ಲಿ ಮದ್ದುಮಾಟವೂ ಆದೀತು. ನನ್ನ ಮೆಚ್ಚಿಗೆ ಇದರ ಮೇಲೆ.

ಮೆಚ್ಚಿಗೆಗೆ ಮೊದಲ ಕಾರಣವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆ ಪೀಣ್ಯದ ಎರಡನೆಯ ಹಂತದಲ್ಲಿ ಲೇತ್ ನಡೆಸುವ ಟರ್ನರ್. ಪೋಷಕರ ಸಭೆಯ ದಿನ ಅವರನ್ನು ಕೊಠಡಿಗೆ ಕರೆದೊಯ್ದು ನಾಲ್ಕು ತೆರೆಗಳನ್ನು ತೋರಿಸಿದೆ. ಬಹಳ ಹೊತ್ತು ಸುಮ್ಮನೆ ನೋಡಿ ಅವರೆಂದದ್ದು ಇಷ್ಟು: "ಸ್ವಾಮಿ, ಮಷೀನು ಹೊಸದೋ ಹಳೆಯದೋ ಆಮೇಲಿನ ಮಾತು. ಲಿವರು ಇದ್ದ ಕಡೆ ಇರಬೇಕು. ಕಣ್ಣು ಕೆಲಸದ ಮೇಲಿರುತ್ತೆ, ಕೈ ತಾನಾಗಿ ಹೋಗುತ್ತೆ. ಕೈ ಹುಡುಕೋಕೆ ಶುರು ಮಾಡಿದರೆ ಬೆರಳು ಹೋಯಿತು ಅಂತ ಲೆಕ್ಕ." ನಾನು ಇಷ್ಟು ದಿನ ವಾದದಲ್ಲಿ ಹೇಳಲು ತಡಕಾಡುತ್ತಿದ್ದ ಮಾತು ಅವರ ಬಾಯಲ್ಲಿ ಬಂದಿತ್ತು. ನಾನು ದಿನವೂ ನಾಲ್ಕೈದು ತಾಸು ಹಸ್ತಪ್ರತಿಗಳ ಪಾಠವನ್ನು ಬೆರಳಚ್ಚು ಮಾಡುವವನು. ನನ್ನ ಕಣ್ಣು ಪಾಠದ ಮೇಲಿರಬೇಕು. ಮಾಟೆಯಲ್ಲಿ ಇಂದು ಕಡತಕೋಶವಿದ್ದ ಕಡೆ ನಾಳೆಯೂ ಅದೇ ಇರುತ್ತದೆ. ಹೊಸ ಆವೃತ್ತಿ ಬಂದಿತೆಂದು ಯಾರೂ ನನ್ನ ಮೇಜನ್ನು ತಿರುಗಿಸಿ ಇಡುವುದಿಲ್ಲ.

ಎರಡನೆಯ ಕಾರಣ ಅಭಿಮಾನದ್ದು. ವಾದಕ್ಕೆ ಅಷ್ಟಾಗಿ ನಿಲ್ಲದಿದ್ದರೂ ಹೇಳಿಬಿಡುತ್ತೇನೆ. ಗ್ನೋಮ್ ೨ ೨೦೦೨ರಲ್ಲಿ ಹೊರಬಂದಿತು. ಆ ಕಾಲದಲ್ಲಿ ಅಮೆರಿಕದ ಸನ್ ಸಂಸ್ಥೆಯ ಪರವಾಗಿ ವಿಪ್ರೋ ಸಂಸ್ಥೆಯ ತರುಣರು ಅದರ ತಪ್ಪುಗಳನ್ನು ತಿದ್ದುವ, ಕೊರತೆಗಳನ್ನು ತುಂಬುವ ಕೆಲಸದಲ್ಲಿ ತೊಡಗಿದ್ದರು. ಅದರ ಅಂಚೆ ತಂತ್ರಾಂಶವಾದ ಎವಲ್ಯೂಷನ್ ಅನ್ನು ಬಹುಕಾಲ ಬೆಳೆಸಿದವರು ಬೆಂಗಳೂರಿನ ನೋವೆಲ್ ಕಚೇರಿಯವರು. ಕೊನೆಯ ಹಳೆಯ ಗ್ನೋಮ್ ಇಂದು ಮಾಟೆಯಾಗಿ ಬದುಕಿದೆಯೆಂದರೆ, ನಮ್ಮ ಊರಿನ ಕೈಗಳ ದುಡಿಮೆಯೂ ಒಂದಿಷ್ಟು ಅದರಲ್ಲಿ ಉಳಿದಿದೆ. ೧೯೭೮ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿದಾಗ ಇಂತಹದೊಂದನ್ನು ಯಾರೂ ಊಹಿಸಿರಲಾರರು. ಒಂದು ತುದಿಯಲ್ಲಿ ಮಾಡಿದ ವಸ್ತು ಲೋಕವನ್ನೆಲ್ಲ ಸುತ್ತಿ ಬಂದು ಊರಿನ ಇನ್ನೊಂದು ತುದಿಯ ಶಾಲೆಯಲ್ಲಿ, ಕಚೇರಿ ಬಿಸುಟ ಯಂತ್ರದಲ್ಲಿ ಕುಳಿತಿದೆ.

ನಮ್ಮ ಗಣಕ ಶಿಕ್ಷಕರ ಪಕ್ಷ ಎಕ್ಸ್‌ಎಫ್‌ಸಿಇ. ಅದೂ ೧೯೯೬ರಲ್ಲಿ ಹುಟ್ಟಿದ್ದು, ಫ್ರಾನ್ಸಿನ ಒಲಿವಿಯೆ ಫೂರ್ದಾನ್ ಅವರದು. ಲಾಂಛನ ಒಂದು ಇಲಿ. ಬಲು ಹಗುರ. ಎರಡು ಗಿಗಾಬೈಟಿನ ಯಂತ್ರಗಳಲ್ಲಿ ಅದು ಓಡುತ್ತದೆ, ಮಾಟೆ ನಡೆಯುತ್ತದೆ, ಗ್ನೋಮ್ ಏದುಸಿರು ಬಿಡುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿರುವುದರಿಂದ ಆ ಏಳು ಯಂತ್ರಗಳ ಮಟ್ಟಿಗೆ ಸೋಲೊಪ್ಪಿದ್ದೇನೆ. ಲೋಹವನ್ನು ಕೊರೆಯುವ ಸಿ.ಎನ್.ಸಿ. ಯಂತ್ರಗಳನ್ನು ನಡೆಸುವ ಲಿನಕ್ಸ್‌ಸಿಎನ್‌ಸಿ ಎಂಬ ಮುಕ್ತ ತಂತ್ರಾಂಶವೊಂದಿದೆ; ಅದನ್ನು ಹಂಚುವವರೂ ಅದರೊಡನೆ ಎಕ್ಸ್‌ಎಫ್‌ಸಿಇಯನ್ನೇ ಕಟ್ಟಿಕೊಡುತ್ತಾರೆಂದು ಅವರು ತೋರಿಸಿದಾಗ ನನ್ನ ಟರ್ನರ್ ಸಾಕ್ಷಿಯೂ ಅರ್ಧ ಅವರ ಕಡೆಗೆ ವಾಲಿದರು. ಎಲ್‌ಎಕ್ಸ್‌ಕ್ಯೂಟಿ ಇನ್ನೂ ಹಗುರವೆನ್ನುತ್ತಾರೆ. ಅದರ ಬಡತನ ನನಗೆ ಹಿಡಿಸಲಿಲ್ಲ. ಸಿನಮನ್ ಚೆಲುವಾದುದೇ. ವಿಂಡೋಸ್ ಬಿಟ್ಟು ಬಂದವರಿಗೆ ಅದು ತವರಿನಂತಿರುವುದರಿಂದ ನಮ್ಮ ಕಚೇರಿಯ ಗುಮಾಸ್ತರ ನಾಲ್ಕು ಗಿಗಾಬೈಟಿನ ಯಂತ್ರಕ್ಕೆ ಅದನ್ನು ಹಾಕಿದ್ದೇವೆ.

ಒಂದು ಆಕ್ಷೇಪಣೆ ಪೋಷಕರಿಂದ ಪದೇ ಪದೇ ಬಂದಿದೆ: ಮಕ್ಕಳು ನಾಳೆ ಕೆಲಸಕ್ಕೆ ಹೋದಲ್ಲಿ ವಿಂಡೋಸೇ ಇರುತ್ತದೆ, ಇಲ್ಲಿ ಬೇರೆಯದನ್ನು ಕಲಿಸಿ ಏನು ಫಲ? ಇದು ಅಲ್ಲಗಳೆಯತಕ್ಕ ಮಾತಲ್ಲ. ಆದರೆ ಹತ್ತು ವರ್ಷದ ಕೆಳಗೆ ವಿಂಡೋಸ್ ೭ರಲ್ಲಿ ಕಲಿತ ಮಕ್ಕಳಿಗೆ ಇಂದಿನ ವಿಂಡೋಸ್ ೧೧ರಲ್ಲಿ ಗುಂಡಿಗಳು ಆ ಜಾಗದಲ್ಲಿ ಸಿಗುವುದಿಲ್ಲವಷ್ಟೆ. ಗುಂಡಿಯ ಜಾಗವನ್ನು ಕಲಿತವನು ಜಾಗ ಬದಲಾದಾಗ ಕೆಡುತ್ತಾನೆ. ಮೂರು ತೆರೆಗಳನ್ನು ಕಂಡ ಹುಡುಗ ನಾಲ್ಕನೆಯದನ್ನು ಕಂಡು ಬೆದರುವುದಿಲ್ಲ. "ಕಡತಗಳನ್ನು ಇಲ್ಲಿ ಎಲ್ಲಿಟ್ಟಿರಬಹುದು" ಎಂದು ಹುಡುಕುತ್ತಾನೆ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರರ ಪ್ರತ್ಯಯಗಳನ್ನೂ ಬಲ್ಲವನು ಹೊಸ ಪಾಠದ ಮುಂದೆ ಕುಳಿತಂತೆ.

ಇನ್ನು ಪಂಡಿತನಿಗೆ ಈ ಉಸಾಬರಿ ಏಕೆಂಬ ಪ್ರಶ್ನೆ. ನಾನು ಈ ಕೊಠಡಿಗೆ ಕಾಲಿಟ್ಟದ್ದು ಯಂತ್ರದ ಆಸೆಯಿಂದಲ್ಲ, ಅಲ್ಲಿ ಕನ್ನಡವಿರಬೇಕೆಂಬ ಹಟದಿಂದ. ಈ ಎಲ್ಲ ತೆರೆಗಳಲ್ಲಿಯೂ ಕೆ. ಪಿ. ರಾವ್ ಅವರು ರೂಪಿಸಿದ ಕಗಪ ಕೀಲಿಮಣೆಯ ವಿನ್ಯಾಸ ಬಂದೇ ಇರುತ್ತದೆ. ಬೇರೆ ಏನನ್ನೂ ಹಾಕಬೇಕಾಗಿಲ್ಲ. ಅಕ್ಷರಗಳು ಮೂಡುವ ಬಗೆಯಲ್ಲಿಯೂ ಒಂದು ಸ್ವಾರಸ್ಯವಿದೆ. ಹಿಂದೆ ಗ್ನೋಮ್ ಒತ್ತಕ್ಷರಗಳನ್ನು ಪ್ಯಾಂಗೋ ಎಂಬುದರಿಂದಲೂ, ಕೆಡಿಇ ಕ್ಯೂಟಿಯಿಂದಲೂ ಜೋಡಿಸುತ್ತಿದ್ದುದರಿಂದ, ಒಂದೇ ಪದ ಒಂದೊಂದು ಕಡೆ ಒಂದೊಂದು ಬಗೆಯಾಗಿ ಕಂಡೀತು. ಎರಡೂ ಬಳಗದವರು ತಮ್ಮ ಆ ಕೆಲಸವನ್ನು ಕೂಡಿಸಿ ಹರ್ಫ್‌ಬಾಜ್ ಎಂಬ ಒಂದನ್ನು ಮಾಡಿಕೊಂಡರು. ಪಾರಸಿಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದುದು. ಜಗಳವಾಡಿ ಬೇರೆಯಾದ ಮನೆಗಳೆರಡು ಅಕ್ಷರದ ವಿಷಯದಲ್ಲಿ ಒಂದೇ ಒಲೆ ಹೂಡಿವೆ. ಇಂದು ಅರ್ಕಾವೊತ್ತು ಎಲ್ಲಿಯೂ ತಪ್ಪಿಹೋಗುವುದಿಲ್ಲ. ೞಕಾರಕ್ಕೆ ಯೂನಿಕೋಡಿನವರು ಇಂಗ್ಲಿಷಿನಲ್ಲಿ "ಫ" ಎಂಬರ್ಥದ ತಪ್ಪು ಹೆಸರಿಟ್ಟು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಉಪನಾಮವೊಂದನ್ನು ಕೊಟ್ಟು ಕೈತೊಳೆದುಕೊಂಡಿದ್ದಾರೆ. ಅಕ್ಷರವಂತೂ ಸರಿಯಾಗಿ ಮೂಡುತ್ತದೆ. ಅಷ್ಟು ಸಾಕು.

ತೆರೆಯನ್ನು ಪೂರ್ಣವಾಗಿ ಕನ್ನಡದಲ್ಲಿಯೇ ಇಟ್ಟಿದ್ದೇನೆ. ಗ್ನೋಮ್ ೨ರ ಕಾಲದಲ್ಲಿ ಸ್ವಯಂಸೇವಕರು ಮಾಡಿದ ಅನುವಾದ ಮಾಟೆಗೂ ಬಳುವಳಿಯಾಗಿ ಬಂದಿರುವುದು ನನ್ನ ಮೂರನೆಯ ಕಾರಣ. ಡೆಸ್ಕ್‌ಟಾಪ್ ಎಂಬುದಕ್ಕೆ ಅವರು ಗಣಕತೆರೆ ಎಂದಿದ್ದಾರೆ. ಎಂತಹ ಟಂಕಿಕೆ! ಹಳಗನ್ನಡದಲ್ಲಿ ಅಲೆಗೂ ಪರದೆಗೂ ತೆರೆ. ಬಿಚ್ಚುವುದಕ್ಕೆ ಱಕಾರದ ತೆಱೆ. ಱಕಾರ ಬಿದ್ದುಹೋದ ಮೇಲೆ ಎರಡೂ ಒಂದಾಗಿ, ಮರೆಮಾಡುವ ಪದವೇ ತೆರೆದಿಡುವ ಪದವೂ ಆಯಿತು. ಕಡತ, ಗುಪ್ತಪದ, ಕಸದಬುಟ್ಟಿ ಇವೂ ಒಳ್ಳೆಯವು. ಆದರೆ ಅಪ್ಲಿಕೇಶನ್ ಎಂಬುದಕ್ಕೆ ಅನ್ವಯ ಎಂದಿರುವುದನ್ನು ನಾನು ಒಪ್ಪಲಾರೆ. ಅನ್ವಯವೆಂದರೆ ಪದ್ಯದ ಪದಗಳನ್ನು ಗದ್ಯಕ್ರಮದಲ್ಲಿ ಜೋಡಿಸುವುದೆಂದು ಬೆಳಿಗ್ಗೆ ಪಾಠ ಹೇಳಿದರೆ, ಮಧ್ಯಾಹ್ನ ಅದೇ ಅನ್ವಯವನ್ನು ಒತ್ತಿ ಮಕ್ಕಳು ಚದುರಂಗ ಆಡುತ್ತಾರೆ. ಪ್ರಿಫರೆನ್ಸಸ್ ಎಂಬುದಕ್ಕೆ ಆದ್ಯತೆಗಳು ಎಂದಿರುವುದೂ ಸಲ್ಲದು. ಆದ್ಯತೆ ಎಂದರೆ ಮೊದಲಿನ ಸ್ಥಾನ. ಇಲ್ಲಿ ಬೇಕಾದ ಅರ್ಥ ಒಲವು. ಕೆಡಿಇಯಲ್ಲಿಯೂ ಇಂದಿನ ಗ್ನೋಮಿನಲ್ಲಿಯೂ ಕನ್ನಡದ ಸಾಲುಗಳ ನಡುನಡುವೆ ಇಂಗ್ಲಿಷ್ ಸಾಲುಗಳು ಇಣುಕುತ್ತವೆ. ಮಾಟೆಯಲ್ಲಿಯೂ ಹಾಗೆ ಇಣುಕುವ ಜಾಗಗಳುಂಟು.

ಇದಕ್ಕೆ ಅನುವಾದಕರನ್ನು ದೂರುವುದು ಅನ್ಯಾಯ. ಅವರು ಸಂಬಳವಿಲ್ಲದೆ ಸಾವಿರಾರು ಸಾಲುಗಳನ್ನು ಮಾಡಿದರು. ಆ ಸಾಲುಗಳನ್ನು ತೆರೆದು ನೋಡಿದವರು ನಾವಲ್ಲ. ಗಡಿಯಾಚೆ ಕಾಸರಗೋಡಿನಲ್ಲಿ ನೋಡಿ. ಕೇರಳ ಸರಕಾರದ ಐಟಿ ಅಟ್ ಸ್ಕೂಲ್ ಯೋಜನೆ, ೨೦೧೭ರ ಬಳಿಕ ಕೈಟ್ ಎಂಬ ಹೆಸರಿನದು, ಅಲ್ಲಿಯ ಶಾಲೆಗಳಿಗೆಲ್ಲ ಮುಕ್ತ ತಂತ್ರಾಂಶವನ್ನೇ ಹಾಕಿಸಿದೆ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲಿ ಅಚ್ಚಾದ ಮಾಹಿತಿ ತಂತ್ರಜ್ಞಾನದ ಪಠ್ಯವನ್ನಿಟ್ಟುಕೊಂಡು ಇವೇ ತೆರೆಗಳ ಮುಂದೆ ಕೂರುತ್ತಾರೆ. ತೆರೆಯನ್ನು ಹೆಣೆದ ಊರಿನ ಮಕ್ಕಳು ಅದರ ಹೆಸರನ್ನೂ ಕೇಳಿಲ್ಲ. ನಮ್ಮ ರಾಜ್ಯದಲ್ಲಿಯೂ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಕಲಿಸುವ ತರಬೇತಿಗಳು ನಡೆದದ್ದುಂಟು. ಕಲಿತು ಬಂದವರ ಶಾಲೆಯಲ್ಲಿ ಯಂತ್ರ ಕೆಟ್ಟಿರುತ್ತಿತ್ತು, ಅಥವಾ ಕೊಠಡಿಯ ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿ ಇರುತ್ತಿತ್ತು.

ಆದುದರಿಂದ ಆಡಳಿತ ಮಂಡಳಿಯಲ್ಲಿ ನನ್ನ ಅರಿಕೆ ಎರಡು. ಮೊದಲನೆಯದು, ವರ್ಷದ ಕೊನೆಗೆ ಯಂತ್ರಗಳನ್ನು ಗುಜರಿಗೆ ಹಾಕುವ ಸೂಚನೆಯನ್ನು ಮತ್ತೆ ಎತ್ತಬಾರದು. ಅವು ಕೆಟ್ಟಿಲ್ಲ, ಅವನ್ನು ಹಳತೆಂದು ಕರೆದವರು ಬೇರೆಯವರು. ಎರಡನೆಯದು, ಯಾವ ತೆರೆಯನ್ನೂ, ನನ್ನ ಮೆಚ್ಚಿನ ಮಾಟೆಯನ್ನು ಕೂಡ, ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಬಾರದು. ಮೂರನ್ನು ಇಟ್ಟು, ಮೂರಕ್ಕೂ ಕನ್ನಡವನ್ನೇ ಮೊದಲ ಭಾಷೆಯಾಗಿ ಇಟ್ಟು, ಆರಿಸಿಕೊಳ್ಳುವುದನ್ನು ಅವರಿಗೆ ಬಿಡಬೇಕು. ಇಂಗ್ಲಿಷ್ ಬೇಕೆಂದವರು ಪ್ರವೇಶದ ವೇಳೆ ಬದಲಿಸಿಕೊಳ್ಳಲಿ, ಅದಕ್ಕೂ ಅಡ್ಡಿಯಿಲ್ಲ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೆಡಿಇಯನ್ನು ಆರಿಸಿಕೊಂಡು, ಗಡಿಯಾರವನ್ನು ತೆರೆಯ ನಡುವಿಗೆ ತಂದು, ಪಟ್ಟಿಯನ್ನು ಎಡಗಡೆಗೆ ನಿಲ್ಲಿಸಿ, ಅಂಚುಗಳಿಗೆಲ್ಲ ಅರಿಸಿನದ ಬಣ್ಣ ಬಳಿದಿದ್ದಾಳೆ. ನನ್ನ ಕಣ್ಣಿಗೆ ಅದು ಜಾತ್ರೆಯಂತೆ ಕಾಣುತ್ತದೆ. "ಪಂಡಿತರೇ, ನಿಮ್ಮದು ಖಾಲಿ ಅಂಗಳದ ಹಾಗಿದೆ" ಎಂದು ಅವಳೂ ಹೇಳಿಯಾಗಿದೆ. ತಪ್ಪು ಪದಗಳನ್ನು ಬರೆದಿಡುವ ನೋಟುಪುಸ್ತಕವೊಂದನ್ನು ಕೊಠಡಿಯಲ್ಲಿಟ್ಟಿದ್ದೇವೆ; ಪರೀಕ್ಷೆಗಳು ಮುಗಿದ ಮೇಲೆ ಅದರಲ್ಲಿರುವುದನ್ನು ಮಾಟೆಯ ಅನುವಾದಕರಿಗೆ ಕಳುಹಿಸುವ ಯೋಚನೆಯಿದೆ. ಅನ್ವಯ ಎಂಬುದಕ್ಕೆ ಬದಲಾಗಿ ಏನನ್ನಬಹುದೆಂದು ಕೇಳಿದ್ದಕ್ಕೆ ನಾನು "ಸಾಧನ" ಎಂದು ಬರೆದಿದ್ದೆ. ಅದರ ಕೆಳಗೆ ಟರ್ನರ್ ಮಗ ಪೆನ್ಸಿಲಿನಲ್ಲಿ "ಹತಾರ" ಎಂದು ಬರೆದಿದ್ದಾನೆ. ಅದು ನಮ್ಮ ಪದವಲ್ಲ, ಹತ್ಯಾರ್ ಎಂಬ ಹೊರಗಿನ ಪದದಿಂದ ಬಂದದ್ದೆಂದು ನಾನು ತಿಳಿಹೇಳಿದೆ. "ನಮ್ಮಪ್ಪ ಅದನ್ನೇ ಅನ್ನೋದು, ಸಾರ್" ಎಂದ. ಇನ್ನೂ ತೀರ್ಮಾನವಾಗಿಲ್ಲ.